ಹಣ್ಣು ಹಾಕಿದ ಮೆತ್ತನೆ ಕುಕೀಸ್ ಕೈಕೊಟ್ಟಾಗ: ಕ್ರಿಸ್‌ಮಸ್ ಬೇಕಿಂಗ್‌ನ ದೋಷ ನಿವಾರಣೆ

ಡಿಸೆಂಬರ್ ಬಂತು ಅಂದರೆ ಟೂಟಿ ಫ್ರೂಟಿ, ಕೆಂಪು ಚೆರ್ರಿ, ಸಕ್ಕರೆ ಹಿಡಿಸಿದ ಕಿತ್ತಳೆ ಸಿಪ್ಪೆ ಎಲ್ಲ ಅಂಗಡಿಯ ಮುಂಭಾಗಕ್ಕೆ ಬಂದು ಕೂರುತ್ತವೆ. ಪ್ಲಮ್ ಕೇಕ್ ಮಾಡಲು ಹಿಂಜರಿಯುವವರೂ ಕುಕೀಸ್‌ಗೆ ಧೈರ್ಯವಾಗಿ ಕೈ ಹಾಕುತ್ತಾರೆ. ಆದರೆ ಹಣ್ಣು ಹಾಕಿದ ಮೆತ್ತನೆ ಕುಕೀಸ್ ಕೇಕಿಗಿಂತ ಸೂಕ್ಷ್ಮ. ಎರಡು ನಿಮಿಷ ಜಾಸ್ತಿ ಬೆಂದರೆ ಗಟ್ಟಿಯಾಗುತ್ತದೆ. ಹಣ್ಣಿನಲ್ಲಿ ಪಾಕ ಉಳಿದಿದ್ದರೆ ಟ್ರೇ ತುಂಬ ಹರಡುತ್ತದೆ.

ಹೀಗೆ ಕೆಟ್ಟಾಗ ಎಷ್ಟೋ ಜನ ರೆಸಿಪಿಯನ್ನೇ ಬಿಟ್ಟು ಬೇರೆ ರೆಸಿಪಿ ಹುಡುಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಕುಕೀಸ್‌ನ ಬಹುಪಾಲು ತೊಂದರೆಗಳ ಬೇರು ಒಂದೇ ಕಡೆ ಇರುತ್ತದೆ: ನೀರು. ಬೇಡದ ನೀರು ಎಲ್ಲಿಂದ ಬಂತು, ಇರಬೇಕಾದ ನೀರು ಎಲ್ಲಿಗೆ ಹೋಯಿತು ಎಂದು ಹುಡುಕಿದರೆ ದಾರಿ ಸಿಗುತ್ತದೆ. ಮೊದಲು ಹಣ್ಣನ್ನು ನೋಡಿ, ಆಮೇಲೆ ಓವನ್, ಕೊನೆಗೆ ರೆಸಿಪಿ.

ಮುಂದೆ ಹೇಳುವುದಕ್ಕೆಲ್ಲ ಒಂದು ಅಳತೆ ಇರಲಿ. ಮೈದಾ 180 ಗ್ರಾಂ, ಕಾರ್ನ್ ಫ್ಲೋರ್ 10 ಗ್ರಾಂ, ಉಪ್ಪಿಲ್ಲದ ಬೆಣ್ಣೆ 110 ಗ್ರಾಂ, ಬ್ರೌನ್ ಶುಗರ್ 100 ಗ್ರಾಂ, ಪುಡಿ ಮಾಡಿದ ಸಕ್ಕರೆ 30 ಗ್ರಾಂ, ಒಂದು ಮೊಟ್ಟೆ, ಕಾಲು ಚಮಚ ಅಡುಗೆ ಸೋಡಾ, ಅರ್ಧ ಚಮಚ ಬೇಕಿಂಗ್ ಪೌಡರ್, ಕಾಲು ಚಮಚ ಉಪ್ಪು, 100 ಗ್ರಾಂ ಹಣ್ಣು. ಸಕ್ಕರೆ, ಬೆಣ್ಣೆ ಸೇರಿಸಿ ತಿರುವಿ, ಮೊಟ್ಟೆ ಹಾಕಿ, ಹಿಟ್ಟು ಸೇರಿಸಿ, ಕೊನೆಗೆ ಹಣ್ಣು. 30 ಗ್ರಾಂನ ಉಂಡೆಗಳು, 170 ಡಿಗ್ರಿ, 11ರಿಂದ 12 ನಿಮಿಷ. ನಿಮ್ಮ ರೆಸಿಪಿ ಇದಕ್ಕಿಂತ ಸ್ವಲ್ಪ ಆಚೀಚೆ ಇದ್ದರೂ ಪರವಾಗಿಲ್ಲ. ತುಂಬಾ ದೂರ ಇದ್ದರೆ, ಅಂದರೆ ಮೈದಾದಷ್ಟೇ ಬೆಣ್ಣೆ ಇದ್ದರೆ, ಆಗ ರೆಸಿಪಿಯ ಮೇಲೆಯೇ ಅನುಮಾನ ಪಡಬೇಕು.

ಮೊದಲು ಒಂದೇ ಒಂದು ಬೇಯಿಸಿ

ಇಡೀ ಟ್ರೇ ತುಂಬಿಸಿ ಓವನ್‌ಗೆ ತಳ್ಳಬೇಡಿ. ಒಂದು ಉಂಡೆ ಮಾತ್ರ ಇಡಿ. ಬೆಂದ ಮೇಲೆ ಹತ್ತು ನಿಮಿಷ ಆರಲು ಬಿಟ್ಟು ಕೈಯಲ್ಲಿ ಮುರಿಯಿರಿ. ಚಾಕು ಬೇಡ. ಚಾಕು ಒಳಗಿನ ಪದರವನ್ನು ಒತ್ತಿಬಿಡುತ್ತದೆ, ಏನೂ ತಿಳಿಯುವುದಿಲ್ಲ.

ನಾಲ್ಕು ಕಡೆ ನೋಡಿ. ತಳದ ಬಣ್ಣ ಹೇಗಿದೆ? ಅಂಚು ದಪ್ಪ ಇದೆಯೋ ಹಪ್ಪಳದಷ್ಟು ತೆಳುವೋ? ನಡುವೆ ತೇವ ಇದೆಯೋ ಪುಡಿಯೋ? ಹಣ್ಣಿನ ಚೂರಿನ ಸುತ್ತ ಏನಾಗಿದೆ? ಕೊನೆಯದೇ ಮುಖ್ಯ. ಹಣ್ಣಿನ ಸುತ್ತ ಹಸಿ ಹಿಟ್ಟಿನ ಉಂಗುರ ಕಂಡರೆ ಹಣ್ಣು ನೀರು ಬಿಟ್ಟಿದೆ ಎಂದರ್ಥ. ಸುತ್ತ ಒಣಗಿ ಬಿರುಕು ಬಿಟ್ಟಿದ್ದರೆ ಹಣ್ಣೇ ಹಿಟ್ಟಿನ ತೇವ ಎಳೆದುಕೊಂಡಿದೆ. ಈ ಎರಡು ದೋಷಗಳಿಗೆ ಮದ್ದು ಪೂರ್ತಿ ಉಲ್ಟಾ. ಆದ್ದರಿಂದ ಇದನ್ನು ನೋಡದೆ ಸುಮ್ನೆ ಹಿಟ್ಟು ಸೇರಿಸಲು, ಹಾಲು ಸೇರಿಸಲು ಹೋಗಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇನ್ನೊಂದು ಉಂಡೆ ಬೇಯಿಸಿ.

ಹರಡಿ ದೋಸೆಯಾಯಿತು

ಅತಿ ಹೆಚ್ಚು ಕೇಳಿಬರುವ ದೂರು ಇದು. ಉಂಡೆಗಳು ಒಂದಕ್ಕೊಂದು ಅಂಟಿ, ಅಂಚು ತೆಳುವಾಗಿ, ಹಣ್ಣಿನ ಚೂರುಗಳು ಮಾತ್ರ ಗುಬುಟಿನಂತೆ ಮೇಲೆ ನಿಲ್ಲುತ್ತವೆ. ಕಾರಣ ಮೂರರಲ್ಲಿ ಒಂದು: ಬೆಣ್ಣೆ ಬಿಸಿ, ಹಣ್ಣು ಒದ್ದೆ, ಓವನ್ ತಣ್ಣಗೆ.

ಬೆಣ್ಣೆಯಿಂದ ಶುರು ಮಾಡೋಣ. ತಿರುವಲು ಸರಿಯಾದ ಬೆಣ್ಣೆ 18ರಿಂದ 20 ಡಿಗ್ರಿಯಲ್ಲಿ ಇರಬೇಕು. ಬೆರಳಿಟ್ಟರೆ ಗುಳಿ ಬೀಳಬೇಕು, ಆದರೆ ಬೆರಳು ಜಾರಬಾರದು, ಹೊಳಪೂ ಕಾಣಬಾರದು. ‘ರೂಮ್ ಟೆಂಪರೇಚರ್ ಬೆಣ್ಣೆ’ ಎಂದು ರೆಸಿಪಿಯಲ್ಲಿ ಬರೆದಿರುತ್ತಾರೆ. ಯಾರ ರೂಮ್? ಬೆಂಗಳೂರಿನಲ್ಲಿ ಡಿಸೆಂಬರ್ ಬೆಳಿಗ್ಗೆ ಹೊರಗಿಟ್ಟ ಬೆಣ್ಣೆ ಗಂಟೆಗಟ್ಟಲೆ ಬಿಗಿಯಾಗಿಯೇ ಇರುತ್ತದೆ. ಅದೇ ದಿನ ಮಧ್ಯಾಹ್ನ ಮಂಗಳೂರಿನಲ್ಲಿ 30 ಡಿಗ್ರಿ ದಾಟಿರುತ್ತದೆ. ಬೆಣ್ಣೆ ಕರಗುವುದೇ 32ರಿಂದ 35 ಡಿಗ್ರಿಗೆ. ಅಲ್ಲಿ ಅರ್ಧ ಗಂಟೆ ಹೊರಗಿಟ್ಟರೆ ಕಥೆ ಮುಗಿಯಿತು. ಕರಾವಳಿಯವರು ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷಕ್ಕೇ ಕೆಲಸ ಶುರು ಮಾಡಿ. ಉಂಡೆ ಕಟ್ಟಿದ ಮೇಲೆ ಮತ್ತೆ 45 ನಿಮಿಷ ಫ್ರಿಜ್‌ನಲ್ಲಿಡಿ. ಕರಾವಳಿಯ ಅಡುಗೆಮನೆಯಲ್ಲಿ ಇದೊಂದೇ ಹೆಜ್ಜೆ ಅರ್ಧ ಸಮಸ್ಯೆ ಬಗೆಹರಿಸುತ್ತದೆ.

ಮನೆಯಲ್ಲಿ ಕಡೆದ ಬೆಣ್ಣೆ ಬಳಸುವವರಿಗೆ ಇನ್ನೊಂದು ಮಾತು. ಅದರ ರುಚಿಗೆ ಸಾಟಿಯಿಲ್ಲ, ಒಪ್ಪುತ್ತೇನೆ. ಆದರೆ ಅದರೊಳಗೆ ಮಜ್ಜಿಗೆ ಸಿಕ್ಕಿಕೊಂಡಿರುತ್ತದೆ. ಅಂಗಡಿ ಬೆಣ್ಣೆಯಲ್ಲಿ ನೀರು ಸುಮಾರು 16 ಪರ್ಸೆಂಟ್ ಅಷ್ಟೇ, ಮನೆಯದರಲ್ಲಿ ಅದಕ್ಕಿಂತ ಜಾಸ್ತಿ. ತಣ್ಣೀರಿನಲ್ಲಿ ಎರಡು ಮೂರು ಸಲ ಹಿಸುಕಿ ತೊಳೆದು, ಬಟ್ಟೆಯಲ್ಲಿ ಒತ್ತಿ ನೀರು ತೆಗೆದ ಮೇಲೆಯೇ ತೂಕ ಮಾಡಿ. ಬೆಣ್ಣೆ ಬದಲು ತುಪ್ಪ ಹಾಕುವುದಾದರೆ 110 ಗ್ರಾಂ ಜಾಗದಲ್ಲಿ 90 ಗ್ರಾಂ ಸಾಕು, ಜೊತೆಗೆ ಒಂದು ದೊಡ್ಡ ಚಮಚ ಹಾಲು. ತುಪ್ಪ ಕರಗಿರಬಾರದು, ಹರಳುಗಟ್ಟಿರಬೇಕು.

ಇನ್ನು ಹಣ್ಣು. ಟೂಟಿ ಫ್ರೂಟಿ ಎರಡು ಥರ ಸಿಗುತ್ತದೆ. ಒಂದು ಪ್ಯಾಕೆಟ್‌ನಲ್ಲಿ ಬಿಡಿಬಿಡಿಯಾಗಿ ಇರುವ ಒಣ ಚೂರು. ಇನ್ನೊಂದು ತೂಕಕ್ಕೆ ಕೊಡುವ, ಪಾಕದಲ್ಲಿ ಮುಳುಗಿ ಹೊಳೆಯುವ ಚೂರು. ಎರಡನೆಯದು ಬನ್ನಿಗೆ, ದಿಲ್‌ಪಸಂದ್‌ಗೆ ಚೆನ್ನ. ಕುಕೀಸ್‌ಗೆ ಹಾಗೇ ಸುರಿದರೆ ಅದರ ಮೈಗೆ ಅಂಟಿದ ಪಾಕ ಸಕ್ಕರೆಯೂ ಹೌದು, ನೀರೂ ಹೌದು. ಎರಡೂ ಹರಡುವಿಕೆಗೆ ದಾರಿ. ಜರಡಿಯಲ್ಲಿ ಹಾಕಿ ಬಿಸಿ ನೀರನ್ನು ಒಮ್ಮೆ ಸುರಿದು, ಬಟ್ಟೆಯ ಮೇಲೆ ಹರಡಿ, ಇನ್ನೊಂದು ಬಟ್ಟೆಯಿಂದ ಒತ್ತಿ, ಫ್ಯಾನ್ ಕೆಳಗೆ ಒಂದೆರಡು ಗಂಟೆ ಬಿಡಿ. ಪರೀಕ್ಷೆ ಸುಲಭ. ಒಂದು ಹಿಡಿ ಹಣ್ಣನ್ನು ಟಿಶ್ಯೂ ಪೇಪರ್ ಮೇಲಿಟ್ಟು ಒತ್ತಿ ಎತ್ತಿ. ಪೇಪರ್ ಒದ್ದೆಯಾಗಿ ಬಣ್ಣ ಹಿಡಿದರೆ ಇನ್ನೂ ಆರಬೇಕು. ಆಮೇಲೆ ಅಳತೆಯ ಮೈದಾದಿಂದಲೇ ಒಂದು ಚಮಚ ತೆಗೆದು ಚೂರುಗಳಿಗೆ ಸವರಿ.

ಪ್ಲಮ್ ಕೇಕ್‌ಗೆ ರಮ್‌ನಲ್ಲಿ ನೆನೆಸಿಟ್ಟ ಹಣ್ಣು ಉಳಿದಿದೆ, ಅದನ್ನೇ ಕುಕೀಸ್‌ಗೆ ಹಾಕೋಣ ಎಂದು ಅನ್ನಿಸುವುದು ಸಹಜ. ಹಾಕಬಹುದು, ಪರಿಮಳ ಅದ್ಭುತವಾಗಿ ಬರುತ್ತದೆ. ಆದರೆ ರಾತ್ರಿಯಿಡೀ ಜರಡಿಯಲ್ಲಿ ಸೋರಲು ಬಿಡಿ, ಒತ್ತಿ ಒರೆಸಿ, 100 ಗ್ರಾಂ ಬದಲು 70 ಗ್ರಾಂ ಹಾಕಿ. ಸೋರಿದ ರಸವನ್ನು ಹಿಟ್ಟಿಗೆ ಸುರಿಯುವ ಆಸೆ ಬೇಡ. ಅದು ಕೇಕ್ ಮೇಲೆ ಸವರಲು ಬರುತ್ತದೆ.

ಮೂರನೆಯದು ಓವನ್. ಓಟಿಜಿಯ, ಅಂದರೆ ಕಾಯಿಲ್‌ನಿಂದ ಕಾಯುವ ಪುಟ್ಟ ಎಲೆಕ್ಟ್ರಿಕ್ ಓವನ್‌ನ ದೀಪ ಆರಿತು ಅಂದರೆ ಬಿಸಿಯಾಯಿತು ಎಂದು ನಂಬಬೇಡಿ. ಗಾಳಿ ಬಿಸಿಯಾಗಿರುತ್ತದೆ, ಗೋಡೆಗಳು ಇನ್ನೂ ಆಗಿರುವುದಿಲ್ಲ. ಬಾಗಿಲು ತೆಗೆದು ಟ್ರೇ ಇಟ್ಟ ಕೂಡಲೇ ಶಾಖ ಸರ್ರನೆ ಇಳಿಯುತ್ತದೆ. ಕನಿಷ್ಠ 15 ನಿಮಿಷ ಕಾಯಿಸಿ. ಒಳಗೆ ತೂಗುಹಾಕುವ ಓವನ್ ಥರ್ಮಾಮೀಟರ್ ಒಂದು ತಂದಿಡಿ. ನಾಬ್ ತಿರುಗಿಸಿ 170ಕ್ಕೆ ಇಟ್ಟಾಗ ಒಳಗೆ 150 ಇದೆಯೋ 190 ಇದೆಯೋ ಅದರಿಂದಲೇ ಗೊತ್ತಾಗುವುದು.

ಸಂಜೆ ಹೊತ್ತು ಬೇಯಿಸುವವರು ಕರೆಂಟನ್ನೂ ಗಮನಿಸಿ. ವೋಲ್ಟೇಜ್ 230ರಿಂದ 200ಕ್ಕೆ ಇಳಿದರೆ ಕಾಯಿಲ್ ಕೊಡುವ ಶಾಖ ಸುಮಾರು ಮುಕ್ಕಾಲು ಭಾಗಕ್ಕೆ ಇಳಿಯುತ್ತದೆ. ವೋಲ್ಟೇಜ್ ಸ್ವಲ್ಪವೇ ಇಳಿದಂತೆ ಕಂಡರೂ ಶಾಖ ಅದಕ್ಕಿಂತ ಜಾಸ್ತಿ ಇಳಿಯುತ್ತದೆ. ಓವನ್ ನಿಧಾನಕ್ಕೆ ಕಾಯುತ್ತದೆ, ಬಾಗಿಲು ತೆಗೆದರೆ ಮತ್ತೆ ಏರಲು ಒದ್ದಾಡುತ್ತದೆ. ಅಷ್ಟರಲ್ಲಿ ಬೆಣ್ಣೆ ಕರಗಿ ಉಂಡೆ ಹರಡಿರುತ್ತದೆ. ಬೆಳಿಗ್ಗೆ ಸರಿಯಾಗಿ ಬಂದ ಅದೇ ಹಿಟ್ಟು ಸಂಜೆ ಹರಡಿದರೆ ಮೊದಲ ಅನುಮಾನ ಇದೇ ಇರಲಿ. ಟ್ಯೂಬ್‌ಲೈಟ್ ಮಂಕಾಗಿದೆಯಾ, ಫ್ಯಾನ್ ನಿಧಾನ ಆಗಿದೆಯಾ ಎಂದು ನೋಡಿದರೂ ಅಂದಾಜು ಸಿಗುತ್ತದೆ. ಮಧ್ಯದಲ್ಲಿ ಕರೆಂಟೇ ಹೋದರೆ ಬಾಗಿಲು ತೆಗೆಯಬೇಡಿ. ಒಳಗಿನ ಕಾವಿನಲ್ಲಿ ಕುಕೀಸ್ ಬಹಳಷ್ಟು ಬೇಯುತ್ತದೆ.

ಉಂಡೆ ಇಟ್ಟ ಹಾಗೇ ಇದೆ, ಹರಡಲೇ ಇಲ್ಲ

ಮೈದಾ ಜಾಸ್ತಿ ಆಗಿದೆ. ಬೇರೆ ಕಾರಣ ಅಪರೂಪ. 240 ಮಿಲಿಲೀಟರ್ ಕಪ್ಪಿಗೆ ಚಮಚದಿಂದ ಹಗುರಾಗಿ ತುಂಬಿದರೆ 125 ಗ್ರಾಂ ಮೈದಾ, ಡಬ್ಬಿಯೊಳಗೆ ಕಪ್ ಒತ್ತಿ ತೆಗೆದರೆ 150 ಗ್ರಾಂ ತನಕ ಹೋಗುತ್ತದೆ. ತಕ್ಕಡಿ ಬಳಸಿ. ಈಗಾಗಲೇ ಕಲಸಿ ಆಗಿದ್ದರೆ ಒಂದು ದೊಡ್ಡ ಚಮಚ ಹಾಲು ಸೇರಿಸಿ, ಉಂಡೆಯನ್ನು ಅಂಗೈಯಿಂದ ಒಂದು ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ ಬೇಯಿಸಿ. ಫ್ರಿಜ್‌ನಲ್ಲಿ ರಾತ್ರಿಯಿಡೀ ಇಟ್ಟ ಉಂಡೆಗೂ ಇದೇ ತಟ್ಟುವ ಮದ್ದು.

ಇವತ್ತು ಮೆತ್ತಗೆ, ನಾಳೆ ಕಲ್ಲು

ಓವನ್‌ನಿಂದ ತೆಗೆದಾಗ ಚೆನ್ನಾಗಿಯೇ ಇತ್ತು, ಮರುದಿನ ಕಚ್ಚಲು ಆಗುತ್ತಿಲ್ಲ. ಇಲ್ಲಿ ಮೊದಲ ಕಾರಣ ಜಾಸ್ತಿ ಬೇಯಿಸಿದ್ದು. ಮೆತ್ತನೆ ಕುಕೀಸ್ ಅನ್ನು ‘ಬೆಂದಿದೆ’ ಅನ್ನಿಸುವ ಮೊದಲೇ ತೆಗೆಯಬೇಕು. ಇದು ಅಭ್ಯಾಸ ಇಲ್ಲದವರಿಗೆ ಕಷ್ಟ, ಯಾಕೆಂದರೆ ನಮಗೆ ಬಿಸ್ಕತ್ತು ಎಂದರೆ ಮೇಲೆಲ್ಲ ಕೆಂಪಗೆ ಆಗಬೇಕು ಎಂಬ ಲೆಕ್ಕ. ಹತ್ತನೇ ನಿಮಿಷಕ್ಕೆ ಗಾಜಿನಿಂದ ನೋಡಿ. ಅಂಚು ಗಟ್ಟಿಯಾಗಿ ತಿಳಿ ಹೊಂಬಣ್ಣಕ್ಕೆ ಬಂದಿರುತ್ತದೆ. ನಡುವೆ ಇನ್ನೂ ಉಬ್ಬಿ, ಹಸಿ ಇದ್ದಂತೆ ಮಿರುಗುತ್ತಿರುತ್ತದೆ. ಆ ಮಿರುಗು ಮಾಯವಾಗಿ ಮೇಲ್ಮೈ ಮಂಕಾದ ಕ್ಷಣವೇ ಹದ. ಆಗ ಟ್ರೇ ಹೊರಗೆ ತೆಗೆದು, ಟ್ರೇ ಮೇಲೆಯೇ ಐದು ನಿಮಿಷ ಬಿಡಿ. ಟ್ರೇಯ ಶಾಖದಲ್ಲಿ ಉಳಿದದ್ದು ಬೇಯುತ್ತದೆ. ಮುಟ್ಟಿದರೆ ಮುರಿಯುತ್ತದಲ್ಲಾ ಎಂದು ಮತ್ತೆ ಒಳಗಿಡಬೇಡಿ. ಬಿಸಿಯಲ್ಲಿ ಮುರಿಯುವುದು ಅದರ ಗುಣ, ಆರಿದಾಗ ಗಟ್ಟಿ ಹಿಡಿಯುತ್ತದೆ.

ಎರಡನೆಯದು ಸಕ್ಕರೆ. ಬರೀ ಬಿಳಿ ಸಕ್ಕರೆ ಹಾಕಿದರೆ ಆರಿದಾಗ ಅದು ಮತ್ತೆ ಹರಳುಗಟ್ಟುತ್ತದೆ, ಕುಕೀಸ್ ಗರಿಯಾಗುತ್ತದೆ. ಬ್ರೌನ್ ಶುಗರ್‌ನಲ್ಲಿ ಇರುವ ಕಾಕಂಬಿಯ ಅಂಶ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಬ್ರೌನ್ ಶುಗರ್ ಹೆಸರಿನಲ್ಲಿ ಮಾರುವುದೆಲ್ಲ ಒಂದೇ ಅಲ್ಲ. ಕೆಲವು ಪ್ಯಾಕೆಟ್‌ಗಳಲ್ಲಿ ಇರುವುದು ಒಣ ಒಣ ದಪ್ಪ ಹರಳು, ಕಂದು ಬಣ್ಣ ಮಾತ್ರ. ಮುಷ್ಟಿಯಲ್ಲಿ ಹಿಡಿದು ಒತ್ತಿ ನೋಡಿ. ಒದ್ದೆ ಮರಳಿನ ಹಾಗೆ ಮುದ್ದೆಯಾಗಿ ನಿಂತರೆ ಸರಿಯಾದದ್ದು. ಬೆರಳ ಸಂದಿಯಿಂದ ಸುರಿದು ಹೋದರೆ ಅದು ಈ ಕೆಲಸಕ್ಕೆ ಬಾರದು. ಒಣ ಬೆಲ್ಲದ ಪುಡಿಯೂ ಅಷ್ಟೇ.

ಮಲೆನಾಡು, ಶಿರಸಿ, ಸಿದ್ದಾಪುರದ ಕಡೆಯವರಿಗೆ ಇಲ್ಲೊಂದು ಅನುಕೂಲ ಇದೆ. ಜೋನಿ ಬೆಲ್ಲ, ಅಂದರೆ ಗಟ್ಟಿಯಾಗದ ನೀರು ಬೆಲ್ಲ. 100 ಗ್ರಾಂ ಸಕ್ಕರೆ ಪುಡಿಗೆ ಒಂದು ದೊಡ್ಡ ಚಮಚ ಜೋನಿ ಬೆಲ್ಲ ಹಾಕಿ ಬೆರಳಲ್ಲಿ ತಿಕ್ಕಿ ಕಲಸಿದರೆ ಬ್ರೌನ್ ಶುಗರ್‌ಗೆ ಕಡಿಮೆಯಿಲ್ಲದ ಸಕ್ಕರೆ ಸಿಗುತ್ತದೆ. ಕಿತ್ತಳೆ ಸಿಪ್ಪೆಯ ಜೊತೆ ಅದರ ಪರಿಮಳ ಬಹಳ ಚೆನ್ನಾಗಿ ಹೊಂದುತ್ತದೆ, ನನಗಂತೂ ಅದೇ ಇಷ್ಟ. ಪೂರ್ತಿ ಸಕ್ಕರೆಯ ಬದಲು ಜೋನಿ ಬೆಲ್ಲವನ್ನೇ ಹಾಕಬೇಡಿ. ಅದರಲ್ಲಿ ನೀರು ಸಾಕಷ್ಟಿದೆ, ಮತ್ತೆ ಹರಡುವ ಸಮಸ್ಯೆಗೆ ಬಂದು ನಿಲ್ಲುತ್ತೀರಿ. ಜೇನುತುಪ್ಪವಾದರೂ ಒಂದು ದೊಡ್ಡ ಚಮಚಕ್ಕೆ ನಿಲ್ಲಿಸಿ.

ಇಷ್ಟೆಲ್ಲ ಸರಿ ಇದ್ದೂ ಗಟ್ಟಿಯಾದರೆ ಮುರಿದು ಹಣ್ಣಿನ ಸುತ್ತ ನೋಡಿ. ಒಣಗಿದೆಯಾ? ಹಾಗಾದರೆ ಕಳ್ಳ ಸಿಕ್ಕಿದ ಹಾಗೆ. ತುಂಬಾ ಒಣಗಿದ ಟೂಟಿ ಫ್ರೂಟಿ, ಒಣದ್ರಾಕ್ಷಿ, ಡಬ್ಬಿಯ ತಳದಲ್ಲಿ ಹಳೆಯದಾಗಿ ಉಳಿದ ಸಿಪ್ಪೆ ಇವೆಲ್ಲ ರಾತ್ರೋರಾತ್ರಿ ಹಿಟ್ಟಿನ ತೇವ ಎಳೆದುಕೊಳ್ಳುತ್ತವೆ. ಸಕ್ಕರೆಗೆ ನೀರನ್ನು ಎಳೆಯುವ ಗುಣ ಇದೆ, ಅದು ಸುಮ್ಮನೆ ಕೂರುವುದಿಲ್ಲ. ಹಣ್ಣನ್ನು ಮೊದಲೇ ತೃಪ್ತಿಪಡಿಸಿ. ಬಿಸಿ ಕಿತ್ತಳೆ ರಸದಲ್ಲಿ 20 ನಿಮಿಷ ನೆನೆಸಿ, ಸೋರಿಸಿ, ಒತ್ತಿ ಒರೆಸಿ ಬಳಸಿ. ಮುಟ್ಟಿದರೆ ಮೆತ್ತಗಿರಬೇಕು, ಕೈಗೆ ಅಂಟಬಾರದು. ಅದು ಹಣ್ಣಿನ ಹದ.

ಹಣ್ಣೇ ರಬ್ಬರ್, ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ

ಇದು ಮನೆಯಲ್ಲೇ ಟೂಟಿ ಫ್ರೂಟಿ ಮಾಡುವವರ ದೂರು. ಮನೆಯಲ್ಲಿ ಮಾಡುವುದನ್ನು ನಾನು ಮನಸಾರೆ ಬೆಂಬಲಿಸುತ್ತೇನೆ. ಪರಂಗಿಕಾಯಿ ಒಂದು ಇದ್ದರೆ ಸಾಕು, ಬಣ್ಣವೂ ನಮ್ಮ ಕೈಯಲ್ಲೇ ಇರುತ್ತದೆ. ಆದರೆ ಅವಸರ ಮಾಡಿದರೆ ಚೂರುಗಳು ಸುಕ್ಕಾಗಿ, ಜಗಿದಷ್ಟೂ ಜಗಿಯುವಂತಾಗುತ್ತವೆ.

ಆಗುವುದೇನು ನೋಡಿ. ಹಸಿ ಪರಂಗಿಕಾಯಿಯ ಚೂರನ್ನು ನೇರವಾಗಿ ಗಟ್ಟಿ ಪಾಕಕ್ಕೆ ಹಾಕಿದರೆ ಒಳಗಿನ ನೀರು ಬೇಗ ಹೊರಗೆ ಓಡುತ್ತದೆ. ಸಕ್ಕರೆ ಒಳಗೆ ಹೋಗುವುದು ನಿಧಾನ. ನೀರು ಖಾಲಿ, ಸಕ್ಕರೆ ಇನ್ನೂ ಬಂದಿಲ್ಲ, ಚೂರು ಕುಗ್ಗಿಬಿಡುತ್ತದೆ. ಒಮ್ಮೆ ಕುಗ್ಗಿದ ಮೇಲೆ ಎಷ್ಟು ಕುದಿಸಿದರೂ ಅದು ತುಂಬಿಕೊಳ್ಳುವುದಿಲ್ಲ.

ಮೊದಲು ಚೂರುಗಳನ್ನು ಬರೀ ನೀರಿನಲ್ಲಿ ಗಾಜಿನಂತೆ ತಿಳಿಯಾಗುವ ತನಕ ಬೇಯಿಸಿ. ಹಾಲುಬಿಳುಪು ಪೂರ್ತಿ ಹೋಗಬೇಕು, ಬೆರಳಿನಲ್ಲಿ ಒತ್ತಿದರೆ ಬಾಗಬೇಕು, ಮುದ್ದೆಯಾಗಬಾರದು. ಆಮೇಲೆ ತೆಳು ಪಾಕ, ಅಂದರೆ ಸಕ್ಕರೆಯಷ್ಟೇ ನೀರು. ಅದರಲ್ಲಿ ಹತ್ತು ನಿಮಿಷ ಕುದಿಸಿ ರಾತ್ರಿ ಬಿಡಿ. ಮರುದಿನ ಚೂರುಗಳನ್ನು ತೆಗೆದು ಪಾಕವನ್ನಷ್ಟೇ ಕುದಿಸಿ ಸ್ವಲ್ಪ ಗಟ್ಟಿ ಮಾಡಿ, ಚೂರುಗಳನ್ನು ಮತ್ತೆ ಹಾಕಿ. ಹೀಗೆ ಎರಡು ಮೂರು ದಿನದಲ್ಲಿ ಒಂದೆಳೆ ಪಾಕಕ್ಕೆ ಬನ್ನಿ. ನಿಧಾನವೇ ಇಲ್ಲಿ ಕೆಲಸ ಮಾಡುವುದು. ಕೊನೆಗೆ ಜರಡಿಯಲ್ಲಿ ಸೋರಿಸಿ, ತಟ್ಟೆಯಲ್ಲಿ ಒಂದು ದಿನ ಆರಿಸಿ.

ಬೂದುಗುಂಬಳದ ಪೇಠಾ ಮಾಡುವ ಹಾಗೆ ಸುಣ್ಣದ ತಿಳಿನೀರಿನಲ್ಲಿ ನೆನೆಸುವವರು ಇದ್ದಾರೆ. ಸುಣ್ಣ ಚೂರನ್ನು ಗಟ್ಟಿಯಾಗಿ ಹಿಡಿದಿಡುತ್ತದೆ. ಪೇಠಾಗೆ ಆ ಗಟ್ಟಿತನ ಬೇಕು, ಮೆತ್ತನೆ ಕುಕೀಸ್‌ಗೆ ಬೇಡ.

ಕಿತ್ತಳೆ ಸಿಪ್ಪೆ ಕಹಿಯಾದರೆ ಒಳಗಿನ ಬಿಳಿ ಪದರ ಕೆರೆದು ತೆಗೆಯಿರಿ. ಸಿಪ್ಪೆಯನ್ನು ಮೂರು ಸಲ ಕುದಿಸಿ, ಪ್ರತಿ ಸಲವೂ ನೀರು ಚೆಲ್ಲಿ, ಆಮೇಲೆ ಪಾಕಕ್ಕೆ ಹಾಕಿ.

ಕುಕೀಸ್ ಎಲ್ಲ ಕೆಂಪು, ಇಲ್ಲವೇ ನೀಲಿ ಕಲೆ

ಟೂಟಿ ಫ್ರೂಟಿಗೆ ಹಾಕುವ ಬಣ್ಣಗಳು ನೀರಿನಲ್ಲಿ ಕರಗುವಂಥವು. ಹಿಟ್ಟಿನಲ್ಲಿ ಕೆಂಪು ಗೆರೆಗಳು ಹರಿದಿದ್ದರೆ ಹಣ್ಣು ಒದ್ದೆ ಇತ್ತು, ಅಥವಾ ಹಣ್ಣು ಹಾಕಿದ ಮೇಲೆ ಜಾಸ್ತಿ ಕಲಸಿದ್ದೀರಿ. ತೊಳೆದು ಒಣಗಿಸುವ ಅದೇ ಮದ್ದು. ಕೊನೆಯಲ್ಲಿ ಹಣ್ಣು ಹಾಕಿ ಚಪ್ಪಟೆ ಸೌಟಿನಿಂದ ಹತ್ತು ಸಲ ಮಡಚಿ, ಸಾಕು. ಚೆಂದ ಕಾಣಬೇಕು ಎಂದರೆ ಅರ್ಧ ಹಣ್ಣನ್ನು ಉಂಡೆ ಕಟ್ಟಿದ ಮೇಲೆ ಮೇಲಿನಿಂದ ಒತ್ತಿ.

ನಮ್ಮ ಬೇಕರಿಗಳ ಕೆಂಪು ‘ಚೆರ್ರಿ’ ಎಷ್ಟೋ ಸಲ ಕರಂಡೆ ಹಣ್ಣು, ಅಂದರೆ ಕವಳೆ ಹಣ್ಣು. ಬೀಜ ತೆಗೆದು, ಪಾಕ ಹಿಡಿಸಿ, ಬಣ್ಣ ಹಾಕಿರುತ್ತಾರೆ. ಇದು ಟೂಟಿ ಫ್ರೂಟಿಗಿಂತ ಜಾಸ್ತಿ ಬಣ್ಣ ಬಿಡುತ್ತದೆ. ನಾಲ್ಕು ಹೋಳು ಮಾಡಿ, ಕತ್ತರಿಸಿದ ಬದಿಯನ್ನೂ ಒರೆಸಿ. ಇಡೀ ಹಣ್ಣು ಹಾಕಿದರೆ ಅದರ ಸುತ್ತಲಿನ ಹಿಟ್ಟು ಬೇಯುವುದೇ ಇಲ್ಲ.

ನೀಲಿ, ಹಸಿರು ಛಾಯೆಯ ಕಲೆ ಬಂದರೆ ಹೆದರಬೇಡಿ, ಅದು ಬೂಷ್ಟು ಅಲ್ಲ. ಕ್ರ್ಯಾನ್‌ಬೆರ್ರಿ, ನಿಜವಾದ ಚೆರ್ರಿಯಂಥ ಹಣ್ಣುಗಳ ಸಹಜ ಕೆಂಪು ಬಣ್ಣ ಸೋಡಾ ತಾಗಿದರೆ ನೀಲಿಗೆ ತಿರುಗುತ್ತದೆ. ಸೋಡಾ ಜಾಸ್ತಿಯಾಗಿದೆ ಅಥವಾ ಸರಿಯಾಗಿ ಬೆರೆತಿಲ್ಲ. ಸೋಡಾವನ್ನು ಮೈದಾ ಜೊತೆ ಎರಡು ಸಲ ಜರಡಿ ಹಿಡಿಯಿರಿ, ಅರ್ಧ ಚಮಚ ನಿಂಬೆರಸ ಸೇರಿಸಿ. ಡಬ್ಬಿಯಲ್ಲಿ ನಾಲ್ಕು ದಿನ ಇಟ್ಟ ಮೇಲೆ ಹೊಸದಾಗಿ ಕಾಣಿಸಿಕೊಂಡ ಕಲೆ ಮಾತ್ರ ಬೇರೆ ವಿಷಯ. ಅದು ಬೂಷ್ಟೇ ಇರಬಹುದು, ಎಸೆಯಿರಿ.

ತಳ ಸೀದಿದೆ, ಮೇಲೆ ಹಸಿ

ಕಪ್ಪು ಟ್ರೇ ಶಾಖವನ್ನು ಬೇಗ ಹೀರುತ್ತದೆ. ಓಟಿಜಿ ಜೊತೆ ಬರುವ ಟ್ರೇ ಬಹುತೇಕ ಕಪ್ಪೇ. ತಿಳಿ ಬಣ್ಣದ ಅಲ್ಯೂಮಿನಿಯಂ ಟ್ರೇ ತನ್ನಿ, ಇಲ್ಲವೇ ಇರುವ ಟ್ರೇ ಮೇಲೆ ಇನ್ನೊಂದು ಟ್ರೇ ಇಡಿ. ನಡುವಿನ ಗೂಡಿನಲ್ಲೇ ಬೇಯಿಸಿ, ಕೆಳಗಿನ ಕಾಯಿಲ್ ಮೇಲಿನ ಕಾಯಿಲ್ ಎರಡೂ ಉರಿಯುತ್ತಿರಲಿ. ಕನ್ವೆಕ್ಷನ್ ಮೈಕ್ರೋವೇವ್‌ನಲ್ಲಿ ಫ್ಯಾನ್ ಸದಾ ತಿರುಗುತ್ತದೆ, ಅಂಚು ಬೇಗ ಒಣಗುತ್ತದೆ. ಅಲ್ಲಿ 15ರಿಂದ 20 ಡಿಗ್ರಿ ಕಡಿಮೆ ಇಡಿ.

ತಳದಲ್ಲಿ ಅಲ್ಲಲ್ಲಿ ಮಾತ್ರ ಕಪ್ಪು ಚುಕ್ಕೆ ಇದ್ದು, ಟ್ರೇಗೆ ಅಂಟಿದ್ದರೆ ಅದು ಓವನ್ ತಪ್ಪಲ್ಲ. ಹಣ್ಣಿನ ಚೂರು ಟ್ರೇಗೆ ನೇರ ತಾಗಿ ಅದರ ಸಕ್ಕರೆ ಸೀದಿದೆ. ಉಂಡೆ ಕಟ್ಟುವಾಗ ಅಡಿಗೆ ಬಂದ ಚೂರನ್ನು ಕಿತ್ತು ಮೇಲೆ ಒತ್ತಿ. ಕೆಳಗೆ ಬೇಕಿಂಗ್ ಪೇಪರ್ ಹಾಸಿ. ಕುಕ್ಕರ್ ಅಥವಾ ಬಾಣಲೆಯಲ್ಲಿ ಉಪ್ಪು ಹಾಕಿ ಬೇಯಿಸುವವರಿಗೆ ಈ ತೊಂದರೆ ಜಾಸ್ತಿ, ಯಾಕೆಂದರೆ ಶಾಖವೆಲ್ಲ ಕೆಳಗಿನಿಂದ. ಸ್ಟ್ಯಾಂಡ್ ಎತ್ತರ ಇಡಿ, ಉರಿ ಸಣ್ಣ ಮಾಡಿ, ತಳ ಹೊಂಬಣ್ಣ ಬಂದ ಕೂಡಲೇ ತೆಗೆಯಿರಿ. ಮೇಲೆ ಬಿಳಿಯಾಗಿಯೇ ಉಳಿಯುತ್ತದೆ, ಅದು ದೋಷ ಅಲ್ಲ.

ಕೇಕಿನ ಹಾಗೆ ಉಬ್ಬಿದೆ, ಸೋಪಿನ ರುಚಿ

ಉಬ್ಬಿ ಸ್ಪಂಜಿನಂತಾದರೆ ಮೊಟ್ಟೆ ದೊಡ್ಡದಿತ್ತು, ಅಥವಾ ಬೆಣ್ಣೆ ಸಕ್ಕರೆಯನ್ನು ಬೀಟರ್‌ನಲ್ಲಿ ತುಂಬಾ ಹೊತ್ತು ಹೊಡೆದು ಗಾಳಿ ತುಂಬಿದ್ದೀರಿ. ಎರಡು ನಿಮಿಷ ಸಾಕು. ಮೊಟ್ಟೆ ಒಡೆದು 50 ಗ್ರಾಂ ತೂಗಿ ಹಾಕಿ. ಇನ್ನೂ ಮೆತ್ತಗೆ, ಸ್ವಲ್ಪ ಜಗಿಯುವ ಹಾಗೆ ಬೇಕಿದ್ದರೆ ಇಡೀ ಮೊಟ್ಟೆಯ ಬದಲು ಎರಡು ಹಳದಿ ಹಾಕಿ ನೋಡಿ. ಬಿಳಿ ಭಾಗ ಒಣಗಿಸುತ್ತದೆ, ಹಳದಿ ಮೆತ್ತಗಾಗಿಸುತ್ತದೆ.

ಸೋಪಿನಂಥ ರುಚಿ ಸೋಡಾದ್ದು. ಸೋಡಾಕ್ಕೆ ಕೆಲಸ ಮಾಡಲು ಹುಳಿ ಬೇಕು. ಬ್ರೌನ್ ಶುಗರ್‌ಗೆ, ಜೋನಿ ಬೆಲ್ಲಕ್ಕೆ ಸ್ವಲ್ಪ ಹುಳಿ ಗುಣ ಇದೆ. ನೀವು ಬರೀ ಬಿಳಿ ಸಕ್ಕರೆ ಹಾಕಿ ಸೋಡಾ ಅಷ್ಟೇ ಉಳಿಸಿಕೊಂಡರೆ ಅದು ಹಾಗೇ ನಾಲಿಗೆಗೆ ಸಿಗುತ್ತದೆ. ಆಗ ಸೋಡಾ ಬಿಟ್ಟು ಬೇಕಿಂಗ್ ಪೌಡರ್ ಮಾತ್ರ ಒಂದು ಚಮಚ ಹಾಕಿ. ಹಳೆಯ ಬೇಕಿಂಗ್ ಪೌಡರ್ ಆದರೆ ಅರ್ಧ ಚಮಚವನ್ನು ಬಿಸಿ ನೀರಿಗೆ ಹಾಕಿ ನೋಡಿ. ಬುಸ್ಸೆಂದು ನೊರೆ ಬಂದರೆ ಜೀವ ಇದೆ.

ಮೊಟ್ಟೆ ಹಾಕದವರು ಅದರ ಬದಲು 60 ಗ್ರಾಂ ಕಂಡೆನ್ಸ್‌ಡ್ ಮಿಲ್ಕ್ ಹಾಕಿ, ಪುಡಿ ಸಕ್ಕರೆ 30 ಗ್ರಾಂ ಬಿಟ್ಟುಬಿಡಿ. ಮೊಸರು ಹಾಕಿದರೆ ಕೇಕಿನ ಕಡೆ ವಾಲುತ್ತದೆ. ಕಂಡೆನ್ಸ್‌ಡ್ ಮಿಲ್ಕ್ ಹಾಕಿದ್ದು ಬೇಗ ಕೆಂಪಾಗುತ್ತದೆ, ಅದಕ್ಕೆ 160 ಡಿಗ್ರಿ ಸಾಕು.

ಡಬ್ಬಿಯಲ್ಲಿ ಕೆಟ್ಟಿದ್ದು

ಸರಿಯಾಗಿ ಬೇಯಿಸಿ, ಡಬ್ಬಿಯಲ್ಲಿ ಹಾಳು ಮಾಡಿಕೊಳ್ಳುವುದು ನಿಜಕ್ಕೂ ಬೇಸರದ ವಿಷಯ. ಬೆಚ್ಚಗಿರುವಾಗಲೇ ಮುಚ್ಚಿದರೆ ಮುಚ್ಚಳದ ಒಳಗೆ ಹನಿ ಕಟ್ಟಿ, ಕುಕೀಸ್ ಮೇಲೆ ಬಿದ್ದು, ಹಣ್ಣಿನ ಹತ್ತಿರ ಬೂಷ್ಟು ಶುರುವಾಗುತ್ತದೆ. ಪೂರ್ತಿ ಆರಲು ಒಂದು ಗಂಟೆಯಾದರೂ ಬೇಕು.

ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಕುಸ್ವಾರ್, ಅಂದರೆ ಹಬ್ಬಕ್ಕೆ ಹಂಚುವ ಬಗೆಬಗೆಯ ತಿಂಡಿ ಮಾಡುತ್ತಾರೆ. ಕುಲ್‌ಕುಲ್, ನೆವ್ರಿ, ಕೊಕ್ಕಿಸ್ ಎಲ್ಲ ಗರಿಗರಿ ತಿಂಡಿಗಳು. ಹಂಚಲು ಅನುಕೂಲ ಎಂದು ಮೆತ್ತನೆ ಕುಕೀಸ್ ಅನ್ನೂ ಅದೇ ಡಬ್ಬಿಗೆ ಹಾಕಿದರೆ ಎರಡೂ ಕೆಡುತ್ತವೆ. ಕುಕೀಸ್‌ನ ತೇವವನ್ನು ಕುಲ್‌ಕುಲ್ ಎಳೆದುಕೊಂಡು ಮೆತ್ತಗಾಗುತ್ತದೆ, ಕುಕೀಸ್ ಗಟ್ಟಿಯಾಗುತ್ತದೆ. ಬೇರೆ ಡಬ್ಬಿ ಮಾಡಿ. ತಟ್ಟೆಯಲ್ಲಿ ಹಂಚುವಾಗ ಮಾತ್ರ ಜೊತೆಗಿಡಿ.

ಗಟ್ಟಿಯಾದ ಕುಕೀಸ್ ಇದ್ದರೆ ಡಬ್ಬಿಯಲ್ಲಿ ಒಂದು ಬ್ರೆಡ್ ಹೋಳು ಇಟ್ಟು ರಾತ್ರಿ ಮುಚ್ಚಿಡಿ. ಬ್ರೆಡ್ ಒಣಗಿ ಕುಕೀಸ್ ಮೆತ್ತಗಾಗುತ್ತದೆ. ಬೆಳಿಗ್ಗೆ ಬ್ರೆಡ್ ತೆಗೆಯಲು ಮರೆಯಬೇಡಿ. ಸೀದು ಗಟ್ಟಿಯಾದದ್ದಕ್ಕೆ ಇದು ಕೆಲಸ ಮಾಡುವುದಿಲ್ಲ.

ಹೊರಗೆ ನಾಲ್ಕೈದು ದಿನ ಚೆನ್ನಾಗಿರುತ್ತದೆ. ಕರಾವಳಿಯ ಸೆಕೆಯಲ್ಲಿ ಮೂರು ದಿನ ಅಂತಲೇ ಇಟ್ಟುಕೊಳ್ಳಿ. ಹಬ್ಬದ ಓಡಾಟದಲ್ಲಿ ಒಂದೇ ದಿನ ಎಲ್ಲ ಬೇಯಿಸುವ ಬದಲು ಉಂಡೆ ಕಟ್ಟಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ, ಆಮೇಲೆ ಕವರ್‌ಗೆ ತುಂಬಿಸಿಡಿ. ಒಂದು ತಿಂಗಳು ತೊಂದರೆಯಿಲ್ಲ. ಕರಗಲು ಬಿಡದೆ ನೇರ ಓವನ್‌ಗೆ ಇಡಿ, ಎರಡು ನಿಮಿಷ ಜಾಸ್ತಿ ಕೊಡಿ, ಅರ್ಧ ಹೊತ್ತಿಗೆ ಒಮ್ಮೆ ಚಮಚದ ಬೆನ್ನಿನಿಂದ ಮೆಲ್ಲಗೆ ಒತ್ತಿ.